ಕಾಲುವೆ ದಂಡೆಯ ಮೇಲೆ ಸೈಕಲ್ಲು

(ಗೋಕಾಕದಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ನನ್ನನ್ನು ಇಲ್ಲಿಗೆ ಕರೆದವರು ‘ಫ್ರಾನ್ಸ್ ದೇಶದಲ್ಲಿ ಸೈಕಲ್ ಪ್ರವಾಸ’ ಎಂಬ ವಿಷಯ ಕೊಟ್ಟಿದ್ದರು. ದ್ರಾಕ್ಷಿ ತೋಟಗಳು, ಅಡವಿ, ಕಾಲುವೆಯ ಬದಿಯ ಹಸಿರು ದಾರಿ, ಇವುಗಳ ಬಗ್ಗೆ ಒಂದು ತಾಸು ಮಾತನಾಡಿರಿ ಎಂದರು. ಒಪ್ಪಿಕೊಂಡೆ. ಆದರೆ ಮೊದಲೇ ಒಂದು ತಪ್ಪೊಪ್ಪಿಗೆ: ನಾನು ಫ್ರಾನ್ಸಿಗೆ ಹೋದವನಲ್ಲ. ಅಲ್ಲಿಯ ಸೈಕಲ್ ಪ್ರವಾಸದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಪುಸ್ತಕದಿಂದ ಬಂದದ್ದು. ನಾನು ಸೈಕಲ್ ಮೇಲೆ ಕಂಡ ದೇಶ ಯಾವುದೆಂದರೆ ಈ ಗೋಕಾಕ, ಆ ಕಡೆ ಹುಕ್ಕೇರಿ, ಈ ಕಡೆ ಮೂಡಲಗಿ. ಮೂಡಲಗಿ ತಾಲ್ಲೂಕಾದದ್ದು ಮೊನ್ನೆ ಮೊನ್ನೆ, 2018ರಲ್ಲಿ. ನಾವು ಸಣ್ಣವರಿದ್ದಾಗ ಅದೂ ಗೋಕಾಕ ತಾಲ್ಲೂಕೇ. ಆದ್ದರಿಂದ ಪುಸ್ತಕದ ಫ್ರಾನ್ಸನ್ನೂ ಕಾಲು ತುಳಿದ ಘಟಪ್ರಭೆಯ ಸೀಮೆಯನ್ನೂ ಒಟ್ಟಿಗೆ ಇಟ್ಟು ಮಾತನಾಡುತ್ತೇನೆ. ಫ್ರಾನ್ಸ್ ಕಡಿಮೆ ಆಯಿತೆಂದು ಯಾರೂ ಬೇಸರ ಮಾಡಿಕೊಳ್ಳಬಾರದು.

ಒಂದು ಕಾಕತಾಳೀಯದಿಂದ ಶುರು ಮಾಡೋಣ. ಇಂದು ನಾವು ಸೈಕಲ್ ಎನ್ನುವ ವಾಹನ, ಅಂದರೆ ಎರಡೂ ಗಾಲಿ ಒಂದೇ ಅಳತೆಯವು, ನಡುವೆ ಪೆಡಲು, ಹಿಂದಿನ ಗಾಲಿಗೆ ಚೈನು, ಈ ರೂಪದಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬವನ ಕೈಯಿಂದ ಮಾರುಕಟ್ಟೆಗೆ ಬಂದದ್ದು 1885ರಲ್ಲಿ. ಅದಕ್ಕೂ ಮೊದಲಿನ ಸೈಕಲ್ಲಿನ ಮುಂದಿನ ಗಾಲಿ ಆಳೆತ್ತರ, ಹಿಂದಿನದು ತಟ್ಟೆಯಷ್ಟು. ಅದನ್ನು ಹತ್ತಲಿಕ್ಕೆ ಸರ್ಕಸ್ಸಿನವನೇ ಬೇಕಿತ್ತು. ಅದೇ 1885ರಲ್ಲಿ ನಮ್ಮ ಗೋಕಾಕ ಫಾಲ್ಸ್‌ನಲ್ಲಿ ನೂಲಿನ ಗಿರಣಿ ಸ್ಥಾಪನೆಯಾಯಿತು. ಎರಡು ವರ್ಷ ಬಿಟ್ಟು 1887ರಲ್ಲಿ ಇಲ್ಲಿ ಬೀಳುವ ನೀರಿನಿಂದ ಶಕ್ತಿ ಪಡೆಯುವ ಕೆಲಸ ಆರಂಭವಾಯಿತು. ಸೈಕಲ್ಲೂ ಗಿರಣಿಯೂ ಒಂದೇ ವಯಸ್ಸಿನವು. ಮುಂದೆ ಇವೆರಡೂ ಒಬ್ಬರಿಗೊಬ್ಬರು ಹೇಗೆ ಬೇಕಾದವು ಎಂಬುದನ್ನು ಈ ಊರಿನ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗಿರಣಿಯ ಭೋಂಗಾ ಕೂಗಿತೆಂದರೆ ಪಾಳಿ ಬದಲಾಗುವ ಹೊತ್ತು. ಹಗಲಾಗಲಿ ನಡುರಾತ್ರಿಯಾಗಲಿ ಸೈಕಲ್ಲುಗಳ ಸಾಲು. ಹ್ಯಾಂಡಲ್ಲಿಗೆ ಬುತ್ತಿಯ ಡಬ್ಬಿ, ಕ್ಯಾರಿಯರ್ ಮೇಲೆ ಒಮ್ಮೊಮ್ಮೆ ಇನ್ನೊಬ್ಬ ಕಾರ್ಮಿಕ. ದೀಪವಿಲ್ಲದ ಸೈಕಲ್ ಹಿಡಿಯಲು ಪೋಲೀಸರು ನಿಲ್ಲುತ್ತಿದ್ದ ಕಾಲ ಅದು. ಪುರಸಭೆಗೆ ತೆರಿಗೆ ಕಟ್ಟಿ ಸೈಕಲ್ಲಿಗೆ ಬಿಲ್ಲೆ ಹಾಕಿಸಿಕೊಳ್ಳಬೇಕಿತ್ತು. ಸ್ವಂತ ಸೈಕಲ್ ಇಲ್ಲದವರಿಗೆ ಬಾಡಿಗೆ ಅಂಗಡಿ. ತಾಸಿಗೆ ಇಷ್ಟು ಎಂದು ಲೆಕ್ಕ. ನಾನು ಸೈಕಲ್ ಕಲಿತದ್ದು ಅಂಥ ಬಾಡಿಗೆಯ ಸೈಕಲ್ ಮೇಲೆಯೇ. ಸೀಟಿಗೆ ಕಾಲು ಎಟಕದ ವಯಸ್ಸು. ನಡುಗೊಳವೆಯ ಕೆಳಗಿನಿಂದ ಒಂದು ಕಾಲು ತೂರಿಸಿ, ಮೈಯೆಲ್ಲ ಒಂದು ಕಡೆ ಸೊಟ್ಟ ಮಾಡಿಕೊಂಡು ಅರ್ಧ ಪೆಡಲು ತುಳಿಯುವುದು. ಒಂದು ತಾಸಿಗೆ ತಂದು ಎರಡು ತಾಸು ಇಟ್ಟುಕೊಂಡು, ಮಂಡಿ ತರಚಿಕೊಂಡು, ಬೈಗುಳ ತಿಂದು ಕಲಿತದ್ದು. ಇಲ್ಲಿ ಕುಳಿತ ನಿಮ್ಮ ತಂದೆತಾಯಿಗಳೂ ಹೀಗೆಯೇ ಕಲಿತಿರಬೇಕು. ಮನೆಗೆ ಹೋಗಿ ಕೇಳಿರಿ.

ಇಷ್ಟೆಲ್ಲ ಇದ್ದರೂ ನಮ್ಮಲ್ಲಿ ಸೈಕಲ್ಲು ಕೆಲಸಕ್ಕೆ ಹೋಗುವ ವಾಹನವಾಯಿತೇ ಹೊರತು ಊರು ನೋಡುವ ವಾಹನ ಆಗಲಿಲ್ಲ. ಫ್ರಾನ್ಸಿನ ಕಥೆ ಬೇರೆಯಾಗುವುದು ಇಲ್ಲಿ.

ಫ್ರಾನ್ಸಿನಲ್ಲಿ ಸೇಂಟ್ ಎಟಿಯೆನ್ ಎಂಬ ಊರಿದೆ. ಅದೂ ನಮ್ಮ ಗೋಕಾಕ ಫಾಲ್ಸ್‌ನಂತೆ ನೂಲು ನೇಯ್ಗೆಯ, ಕಾರ್ಖಾನೆಗಳ ಊರು. ರೇಷ್ಮೆಯ ರಿಬ್ಬನ್ನಿಗೆ ಹೆಸರಾದದ್ದು. ಅಲ್ಲಿ ಪಾಲ್ ದ ವಿವಿ ಎಂಬ ರೇಷ್ಮೆ ವ್ಯಾಪಾರಿಯೊಬ್ಬನಿದ್ದ. ಅವನು 1887ರಲ್ಲಿ, ಅಂದರೆ ನಮ್ಮ ಗಿರಣಿಗೆ ನೀರಿನ ಬಲ ಬಂದ ಅದೇ ವರ್ಷ, ಸೈಕಲ್ ಪ್ರವಾಸಿಗರಿಗಾಗಿ ಒಂದು ಪತ್ರಿಕೆ ತೆಗೆದ. ‘ವೆಲೋಸಿಯೋ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ. ವ್ಯಾಪಾರ ಹಿಂದೆ ಬಿತ್ತು, ಸೈಕಲ್ ಮುಂದೆ ಹೋಯಿತು. ಗುಡ್ಡ ಹತ್ತುವಾಗ ಹಗುರಾಗಬೇಕು, ಬಯಲಿನಲ್ಲಿ ಓಡಬೇಕು ಎಂದರೆ ಸೈಕಲ್ಲಿಗೆ ಒಂದಕ್ಕಿಂತ ಹೆಚ್ಚು ಗೇರು ಬೇಕು ಎಂದು ಜೀವನವಿಡೀ ವಾದಿಸಿದ. ಆಗಿನ ಶೂರರು ನಕ್ಕರು. ಗೇರು ಮುದುಕರಿಗೆ ಮಾತ್ರ ಎಂದರು. 1903ರಲ್ಲಿ ಆರಂಭವಾದ ಪ್ರಸಿದ್ಧ ಟೂರ್ ದ ಫ್ರಾನ್ಸ್ ಪಂದ್ಯದಲ್ಲಂತೂ, ಚೈನು ತಾನೇ ಹಲ್ಲುಗಾಲಿ ಬದಲಿಸುವ ಗೇರಿಗೆ 1937ರವರೆಗೆ ಅಪ್ಪಣೆಯೇ ಇರಲಿಲ್ಲ. ಇಂದು ನಿಮ್ಮ ಓಣಿಯ ಹುಡುಗರ ಸೈಕಲ್ಲಿಗೂ ಗೇರು ಇದೆ. ವೆಲೋಸಿಯೋ ಗೆದ್ದ, ಆದರೆ ಗೆದ್ದದ್ದನ್ನು ನೋಡಲು ಇರಲಿಲ್ಲ. 1930ರಲ್ಲಿ ಟ್ರಾಮ್ ಬಡಿದು ತೀರಿಕೊಂಡ.

ಈ ಮನುಷ್ಯ ಪ್ರವಾಸಿಗರಿಗೆ ಕೆಲವು ನಿಯಮ ಬರೆದಿಟ್ಟಿದ್ದಾನೆ. ಅವುಗಳ ಸಾರ ಇಷ್ಟು: ಹಸಿವಾಗುವ ಮೊದಲೇ ಸ್ವಲ್ಪ ತಿನ್ನು, ನೀರಡಿಕೆಯಾಗುವ ಮೊದಲೇ ಕುಡಿ, ಊಟಕ್ಕೂ ನಿದ್ದೆಗೂ ಮನಸ್ಸಿಲ್ಲದಷ್ಟು ದಣಿಯಬೇಡ, ಇನ್ನೊಬ್ಬರು ನೋಡಲಿ ಎಂದು ಎಂದೂ ತುಳಿಯಬೇಡ. ಕೊನೆಯದು ನನಗೆ ಬಹಳ ಹಿಡಿಸಿತು. ಮೊದಲನೆಯದಕ್ಕೆ ನಮ್ಮ ಊರಿನವರಿಗೆ ಕಷ್ಟವಿಲ್ಲ. ಕಿಸೆಯಲ್ಲಿ ಎರಡು ತುಂಡು ಕರದಂಟು ಇದ್ದರೆ ಹತ್ತು ಮೈಲಿಗೆ ಸಾಕು. ಅಂಟು, ಒಣಕೊಬ್ಬರಿ, ಬೆಲ್ಲ, ಗೋಡಂಬಿ! ಸೈಕಲ್ ಪ್ರವಾಸಕ್ಕೆಂದೇ ಯಾರೋ ಕಟ್ಟಿಟ್ಟಂತಿದೆ.

ಫ್ರಾನ್ಸಿನ ಕಾರ್ಮಿಕ ಪ್ರವಾಸಿಯಾದದ್ದು 1936ರಲ್ಲಿ. ಆ ವರ್ಷ ಅಲ್ಲಿಯ ಸರಕಾರ ದುಡಿಯುವವರೆಲ್ಲರಿಗೂ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಎಂದು ಕಾನೂನು ಮಾಡಿತು. ರಜೆ ಬಂತು, ಕೈಯಲ್ಲಿ ಹಣ ಕಡಿಮೆ. ಗಂಡಹೆಂಡತಿ ಇಬ್ಬರೂ ಕೂತು ತುಳಿಯುವ ಜೋಡಿ ಸೈಕಲ್ ಏರಿ ಹಳ್ಳಿಗಾಡಿಗೆ, ಸಮುದ್ರದಂಡೆಗೆ ಹೊರಟರು. ಆ ಬೇಸಿಗೆಯ ಚಿತ್ರಗಳು ಇಂದಿಗೂ ಅಲ್ಲಿಯ ಪುಸ್ತಕಗಳಲ್ಲಿವೆ. ನಮ್ಮ ಗಿರಣಿಯ ಕಾರ್ಮಿಕನಿಗೆ ಸೈಕಲ್ ಇತ್ತು. ವಿರಾಮ ಎಷ್ಟಿತ್ತು? ವಾರದ ರಜೆಯ ದಿನ ಸಂತೆ, ಹೊಲ, ಮದುವೆ, ಬೀಗರೂಟ. ಇದು ದೂರುವ ಮಾತಲ್ಲ, ಲೆಕ್ಕದ ಮಾತು.

ಇನ್ನು ‘ಹಸಿರು ದಾರಿ’ ಎಂದರೇನು? ಫ್ರಾನ್ಸಿನ ಬರ್ಗಂಡಿ ಪ್ರಾಂತ ದ್ರಾಕ್ಷಿಗೆ ಹೆಸರಾದದ್ದು. ಅಲ್ಲಿ ಜಿವ್ರಿ ಎಂಬ ಊರಿನಿಂದ ಕ್ಲೂನಿ ಎಂಬ ಊರಿಗೆ ಒಂದು ರೈಲುಹಾದಿ ಇತ್ತು. ರೈಲು ನಿಂತುಹೋಯಿತು. ಹಳಿ ಕಿತ್ತರು. ಉಳಿದ ನೆಲವನ್ನು ಮಾರಲಿಲ್ಲ, ಒತ್ತುವರಿಗೆ ಬಿಡಲಿಲ್ಲ. 1997ರಲ್ಲಿ ಅದರ ಮೇಲೆ ಸುಮಾರು 44 ಕಿಲೊಮೀಟರ್ ನಯವಾದ ದಾರಿ ಮಾಡಿ, ಮೋಟಾರು ವಾಹನಕ್ಕೆ ಪ್ರವೇಶವಿಲ್ಲ ಎಂದರು. ನಡೆಯುವವರು, ಸೈಕಲ್ಲಿನವರು ಮಾತ್ರ. ಅದು ಆ ದೇಶದ ಮೊದಲ ಹಸಿರು ದಾರಿ. ರೈಲು ಕಡಿದಾದ ಏರು ಹತ್ತುವುದಿಲ್ಲವಷ್ಟೆ? ಆದ್ದರಿಂದ ರೈಲಿನ ದಾರಿ ಅಜ್ಜಿ-ಮೊಮ್ಮಕ್ಕಳೂ ತುಳಿಯುವಷ್ಟು ಸಮತಟ್ಟು.

ಇದೇ ಗುಣ ಇನ್ನೊಂದಕ್ಕೆ ಇದೆ: ಕಾಲುವೆಗೆ. ನೀರೂ ಏರು ಹತ್ತುವುದಿಲ್ಲ. ದಕ್ಷಿಣ ಫ್ರಾನ್ಸಿನಲ್ಲಿ ಪಿಯರ್ ಪಾಲ್ ರಿಕೆ ಎಂಬವನು 1666ರಿಂದ 1681ರ ನಡುವೆ ಕಟ್ಟಿಸಿದ ಮಿಡಿ ಕಾಲುವೆ ಸುಮಾರು 240 ಕಿಲೊಮೀಟರ್ ಉದ್ದವಿದೆ. ದೋಣಿ ಸಾಗಿಸಲು ತೋಡಿದ್ದು. ದೋಣಿಗಳನ್ನು ಕುದುರೆಗಳು ಎಳೆಯುತ್ತಿದ್ದ ದಂಡೆಯ ಹಾದಿಯಲ್ಲಿ ಇಂದು ಸೈಕಲ್ಲುಗಳು ಹೋಗುತ್ತವೆ. ಎರಡೂ ಬದಿಗೆ ಪ್ಲೇನ್ ಮರಗಳ ಸಾಲು, ಅತ್ತಿತ್ತ ದ್ರಾಕ್ಷಿ ತೋಟ. 1996ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹತ್ತು ವರ್ಷದಲ್ಲಿ ಆ ಮರಗಳಿಗೆ ಶಿಲೀಂಧ್ರದ ರೋಗ ತಗುಲಿರುವುದು ಗೊತ್ತಾಯಿತು. ಸಾವಿರಾರು ಮರ ಕಡಿಯಬೇಕಾಯಿತು. ಕಡಿದಲ್ಲಿ ಬೇರೆ ಜಾತಿಯ ಸಸಿ ನೆಡುತ್ತಿದ್ದಾರೆ. ಮರ ಹೋದರೆ ಕಾಲುವೆಯೇ ಹೋದಂತೆ ಎಂದು ಅಲ್ಲಿಯವರಿಗೆ ಅನ್ನಿಸಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಈಗ ಫ್ರಾನ್ಸಿನಿಂದ ಹುಕ್ಕೇರಿಗೆ ಬರೋಣ. ನಾನು ಹೇಳುವ ಪ್ರವಾಸ ನೀರಿನ ಹಿಂದೆ ಹೋಗುವ ಪ್ರವಾಸ. ಹುಕ್ಕೇರಿಯಿಂದ ಹೊರಟು ಹಿಡಕಲ್, ಅಲ್ಲಿಂದ ಘಟಪ್ರಭೆಯ ಗುಂಟ ಧೂಪದಾಳ, ಧೂಪದಾಳದಲ್ಲಿ ದಾರಿ ಎರಡಾಗುತ್ತದೆ. ಒಂದು ನದಿಯ ಜೊತೆ ಫಾಲ್ಸ್‌ಗೆ ಮತ್ತು ಗೋಕಾಕಕ್ಕೆ. ಇನ್ನೊಂದು ಕಾಲುವೆಯ ಜೊತೆ ಅರಭಾವಿ, ಮೂಡಲಗಿಯ ಕಡೆಗೆ. ಗಟ್ಟಿಗರು ಎರಡು ದಿನದಲ್ಲಿ ಮುಗಿಸಬಹುದು. ನನ್ನ ಸಲಹೆ ಮೂರು ದಿನ.

ಹುಕ್ಕೇರಿ ಎಂದರೆ ಹೂವಿನ ಕೇರಿ ಎಂದು ಅಲ್ಲಿಯವರು ಹೇಳುತ್ತಾರೆ. ಇಲ್ಲಿಂದ ವಿಜಯಪುರದ ಬಾದಶಹರಿಗೆ ಹೂ ಹೋಗುತ್ತಿತ್ತಂತೆ. ಇದು ನಿಜವೋ, ಹೆಸರು ನೋಡಿ ಹುಟ್ಟಿದ ಕಥೆಯೋ, ಭಾಷಾಪಂಡಿತರು ಹೇಳಲಿ. ಆದಿಲ್‌ಶಾಹಿ ಕಾಲದ ಗುಂಬಜಗಳು ಮಾತ್ರ ಊರಲ್ಲಿ ನಿಂತೇ ಇವೆ. ಮುಂಜಾನೆಯ ಬಿಸಿಲು ಬೀಳುವಾಗ ನೋಡಬೇಕು. ಹುಕ್ಕೇರಿಯ ಇನ್ನೊಂದು ವಿಶೇಷ ಕಣ್ಣಿಗೆ ಬೀಳುವುದಿಲ್ಲ, ತಂತಿಯಲ್ಲಿ ಹರಿಯುತ್ತದೆ. 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಈ ತಾಲ್ಲೂಕಿನ ಹಳ್ಳಿಗಳಿಗೆ ಕರೆಂಟು ಹಂಚುತ್ತ ಬಂದಿದೆ. ರಾಜ್ಯದಲ್ಲಿ ಇಂಥದು ಇದೊಂದೇ. ನೀವು ಸೈಕಲ್ ಮೇಲೆ ಹೋಗುವಾಗ ಹೊಲಗಳಲ್ಲಿ ಕೇಳುವ ಪಂಪುಸೆಟ್ಟಿನ ಸದ್ದಿನ ಹಿಂದೆ ಈ ಸಹಕಾರಿಯ ಕಥೆ ಇದೆ.

ಹಿಡಕಲ್ ಹತ್ತಿರ ಬಂದಾಗ ಕಾಲಿಗೆ ಭೂಗೋಳ ತಿಳಿಯಲು ಆರಂಭವಾಗುತ್ತದೆ. ಕಾರಿನಲ್ಲಿ ಹೋದವನಿಗೆ ಏರು-ಇಳಿಜಾರು ಎಂಬುದು ಡ್ರೈವರನ ಚಿಂತೆ. ಸೈಕಲ್ಲಿನವನಿಗೆ ಪ್ರತಿಯೊಂದು ಏರೂ ತೊಡೆಗೆ ಗೊತ್ತಾಗುತ್ತದೆ. ಇಲ್ಲಿ 1970ರ ದಶಕದಲ್ಲಿ ಮುಗಿದ, ವಂಟಮುರಿಯ ರಾಜಾ ಲಖಮಗೌಡರ ಹೆಸರಿನ ಅಣೆಕಟ್ಟು ನಿಂತಿದೆ. 51 ಟಿಎಂಸಿ ನೀರು ಹಿಡಿಯುತ್ತದೆ. ಈ ನೀರಿನ ಕೆಳಗೆ ಹಳ್ಳಿಗಳಿದ್ದವು. ಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷ ಹುನ್ನೂರಿನ ವಿಠ್ಠಲ ಗುಡಿ ಮೇಲೆದ್ದು ಕಾಣುತ್ತದೆ. ಜನ ಕಾಯಿ-ಕರ್ಪೂರ ಹಿಡಿದು ಹೋಗುತ್ತಾರೆ. ನಾವು ಮುಂದೆ ನೋಡಲಿರುವ ಕಬ್ಬಿನ ಹಸಿರಿಗೆ ಮೊದಲು ಬೆಲೆ ಕೊಟ್ಟವರು ಆ ಹಳ್ಳಿಯವರು ಎಂಬುದನ್ನು ಅಣೆಕಟ್ಟಿನ ಮೇಲೆ ನಿಂತಾಗ ಒಮ್ಮೆ ನೆನೆಯಬೇಕು.

ಅಲ್ಲಿಂದ ಕೆಳಗೆ ಘಟಪ್ರಭೆಯ ದಂಡೆಯಲ್ಲಿ ಘೋಡಗೇರಿ ಇದೆ. 1937ರಲ್ಲಿ ಚಂದ್ರಶೇಖರ ಕಂಬಾರರು ಹುಟ್ಟಿದ ಊರು. 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂತು. ಅವರ ಕಾವ್ಯ ನಾಟಕಗಳ ಶಿವಾಪುರವನ್ನು ಹುಡುಕಿಕೊಂಡು ಈ ಕಡೆ ಬಂದವರಿಗೆ ನಾನು ಹೇಳುವುದು ಇಷ್ಟೆ: ಮೋಟಾರಿನಲ್ಲಿ ಬರಬೇಡಿ. ಕಟ್ಟೆಯ ಮೇಲೆ ಕೂತವರು ಮೋಟಾರು ನಿಂತರೆ ಎದ್ದು ನಿಲ್ಲುತ್ತಾರೆ, ಸೈಕಲ್ಲು ನಿಂತರೆ ಜಾಗ ಬಿಟ್ಟು “ಬರ್ರಿ, ಕುಂಡ್ರಿ, ಎಲ್ಲಿಂದ ಬಂದ್ರಿ?” ಎನ್ನುತ್ತಾರೆ. ಇಡೀ ಭಾಷೆಯೇ ಬದಲಾಗುತ್ತದೆ. ಈ ಸೀಮೆಯ ಬರಹಗಾರರ ಹಳ್ಳಿಗಳೆಲ್ಲ ಸೈಕಲ್ಲಿನ ಅಳತೆಯಲ್ಲಿವೆ. ‘ಆನಂದಕಂದ’ ಬೆಟಗೇರಿ ಕೃಷ್ಣಶರ್ಮರ ಬೆಟಗೇರಿ, ಬಸವರಾಜ ಕಟ್ಟೀಮನಿಯವರ ಮಲಾಮರಡಿ, ಎರಡೂ ಗೋಕಾಕದ ಆಸುಪಾಸಿನವೇ. ಹೊರಗಿನವರಿಗೆ ಮಾತ್ರ ಗೋಕಾಕ ಎಂದ ಕೂಡಲೆ ‘ಗೋಕಾಕ ಚಳವಳಿ’ ನೆನಪಾಗುತ್ತದೆ. ಆ ಹೆಸರು ಬಂದದ್ದು ಊರಿನಿಂದಲ್ಲ, ವರದಿ ಬರೆದ ವಿನಾಯಕ ಕೃಷ್ಣ ಗೋಕಾಕರಿಂದ; ಅವರು ಹುಟ್ಟಿದ್ದು ಸವಣೂರಿನಲ್ಲಿ.

ಧೂಪದಾಳಕ್ಕೆ ಚಳಿಗಾಲದಲ್ಲಿ ಬೆಳಕು ಹರಿಯುವ ಮೊದಲೇ ತಲುಪಬೇಕು. ಬ್ರಿಟಿಷರ ಕಾಲದಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡು ಇಲ್ಲಿದೆ. ಒಡ್ಡಿನ ಹಿಂದೆ ನಿಂತ ನೀರು, ನಡುವಿನ ನಡುಗಡ್ಡೆಗಳು ಸೇರಿ ಸುಮಾರು 30 ಚದರ ಕಿಲೊಮೀಟರ್ ಪ್ರದೇಶ 1974ರಿಂದ ಘಟಪ್ರಭಾ ಪಕ್ಷಿಧಾಮ. ಬಹು ದೂರದ ಮಧ್ಯ ಏಷ್ಯಾದ ಕಡೆಯಿಂದ ಬೂದು ಬಣ್ಣದ ಡೆಮೊಯ್ಸೆಲ್ ಕೊಕ್ಕರೆಗಳು ಹಿಂಡು ಹಿಂಡಾಗಿ ಬಂದು ಇಳಿಯುತ್ತವೆ. ಅವು ಮೋಟಾರ್ ಸೈಕಲ್ಲಿನ ಸದ್ದಿಗೆ ಏಳುತ್ತವೆ. ಸೈಕಲ್ಲಿನ ಸದ್ದಿಗೆ ಕುತ್ತಿಗೆ ಮಾತ್ರ ಎತ್ತುತ್ತವೆ. ನಿಮ್ಮ ಗಂಟೆ ಬಾರಿಸದಿದ್ದರೆ ಸಾಕು. ಹತ್ತಿರದ ಘಟಪ್ರಭಾ ಊರಲ್ಲಿ ರೈಲು ನಿಲ್ದಾಣವಿದೆ, ಮೀರಜ-ಲೋಂಡಾ ಮಾರ್ಗದ್ದು. ಹಿಂದೂಸ್ಥಾನಿ ಸೇವಾದಳದ ಡಾ. ನಾ. ಸು. ಹರ್ಡೀಕರರು ದುಡಿದ ಕರ್ನಾಟಕ ಆರೋಗ್ಯಧಾಮವೂ ಅಲ್ಲೇ ಇದೆ. ಸೈಕಲ್ಲನ್ನು ರೈಲಿಗೆ ಹಾಕಿ ಬರುವವರಿಗೆ ಇದೇ ಅನುಕೂಲದ ಜಾಗ.

ಇಲ್ಲಿಂದ ನದಿಯ ಜೊತೆ ಹೋದರೆ ಫಾಲ್ಸ್. ಹುಕ್ಕೇರಿಯ ಕಡೆಯ ಕರಿ ಎರೆಭೂಮಿ ಬಿಟ್ಟು ಇಲ್ಲಿ ಮರಳುಗಲ್ಲಿನ ಸೀಮೆಗೆ ಬಂದಿರುತ್ತೀರಿ. ಆ ಕಲ್ಲಿನ ಅಂಚಿನಿಂದ ನದಿ ಸುಮಾರು 52 ಮೀಟರ್ ಕೆಳಗೆ ಬೀಳುತ್ತದೆ, ಕುದುರೆ ಲಾಳದ ಆಕಾರದಲ್ಲಿ. ಮಳೆಗಾಲದ ಕೆಂಪು ನೀರು ನೋಡಲು ಎಲ್ಲರೂ ಬರುತ್ತಾರೆ. ಬೇಸಿಗೆಯಲ್ಲಿ ಯಾರೂ ಬರುವುದಿಲ್ಲ. ಆಗಲೇ ಕಲ್ಲು ಕಾಣುವುದು, ದಂಡೆಯ ಚಾಲುಕ್ಯ ಶೈಲಿಯ ಗುಡಿಗಳು ಕಾಣುವುದು. 201 ಮೀಟರ್ ಉದ್ದದ ತೂಗುಸೇತುವೆಯ ಮೇಲೆ ಯಾವಾಗ ಬಿಡುತ್ತಾರೆ, ಯಾವಾಗ ಇಲ್ಲ ಎಂಬುದು ಆಯಾ ಕಾಲದ ಮಾತು, ಕೇಳಿಕೊಂಡು ಹೋಗಿರಿ. ಅಡವಿ ಬೇಕಾದವರು ಗೋಕಾಕದಿಂದ ಯೋಗಿಕೊಳ್ಳದ ಕಡೆ ತಿರುಗಬೇಕು. ಅದರಾಚೆ ಮಾರ್ಕಂಡೇಯ ನದಿ ಗೊಡಚಿನಮಲ್ಕಿಯಲ್ಲಿ ಎರಡು ಹಂತವಾಗಿ ಇಳಿಯುತ್ತದೆ. ಅಡವಿಯ ಕಾಲುದಾರಿಯಲ್ಲಿ ಸೈಕಲ್ಲು ನಿಮ್ಮನ್ನು ಹೊರುವುದಕ್ಕಿಂತ ನೀವು ಸೈಕಲ್ಲನ್ನು ಹೊರುವುದೇ ಹೆಚ್ಚು. ಮಾವನೂರಿನ ಮೇಲಿನ ರಸ್ತೆಯೇ ವಾಸಿ.

ಧೂಪದಾಳದಲ್ಲಿ ಕವಲೊಡೆದ ಇನ್ನೊಂದು ದಾರಿಗೆ ಬರುತ್ತೇನೆ. ನನ್ನ ಮಾತೆಲ್ಲ ಇದ್ದದ್ದೇ ಇದಕ್ಕಾಗಿ.

ಘಟಪ್ರಭಾ ಎಡದಂಡೆ ಕಾಲುವೆ ಇಲ್ಲಿಂದ ಹೊರಟು 109 ಕಿಲೊಮೀಟರ್ ಹೋಗುತ್ತದೆ. ಹಿಡಕಲ್‌ನಿಂದ ಹೊರಡುವ ಬಲದಂಡೆ ಕಾಲುವೆ ಇದಕ್ಕೂ ಉದ್ದ, 202 ಕಿಲೊಮೀಟರ್. ಎರಡರ ದಂಡೆಯ ಮೇಲೂ ನೀರಾವರಿ ಇಲಾಖೆಯವರು ತಪಾಸಣೆಗೆಂದು ಮಾಡಿದ ಕಚ್ಚಾ ದಾರಿ ಇದೆ. ರೈತರು ಅದನ್ನು ‘ಕೆನಾಲ್ ಮ್ಯಾಲಿನ ದಾರಿ’ ಎನ್ನುತ್ತಾರೆ. ಯೋಚಿಸಿ ನೋಡಿ: ಫ್ರಾನ್ಸಿನವರು ಸತ್ತ ರೈಲುಹಾದಿಯನ್ನು ಹುಡುಕಿ ಹಸಿರು ದಾರಿ ಮಾಡಿದರು. ನಮ್ಮಲ್ಲಿ ಸಮತಟ್ಟಾದ, ಸರಕಾರದ್ದೇ ಆದ, ಪಕ್ಕದಲ್ಲಿ ನೀರು ಹರಿಯುವ ನೂರಾರು ಕಿಲೊಮೀಟರ್ ದಾರಿ ಸುಮ್ಮನೆ ಬಿದ್ದಿದೆ. ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿದೆ, ಮುಂದೆ ಮೂಡಲಗಿಯಲ್ಲಿ ಶಿವಬೋಧರಂಗರ ಮಠವಿದೆ, ದನದ ಸಂತೆ ಇದೆ. ಇನ್ನೂ ಮುಂದೆ ಕುಲಗೋಡ, ಶ್ರೀಕೃಷ್ಣ ಪಾರಿಜಾತವನ್ನು ಆಟಕ್ಕೆ ತಂದ ತಮ್ಮಣ್ಣನ ಊರು. ಪಾರಿಜಾತದ ಕೌಜಲಗಿ ನಿಂಗಮ್ಮನ ಕೌಜಲಗಿಯೂ ಈ ಬಳಸಿನಲ್ಲೇ. ರಾತ್ರಿಯಿಡೀ ಆಟ ನೋಡಿ ಬೆಳಗಿನ ಜಾವ ಸೈಕಲ್ ತುಳಿದು ಊರಿಗೆ ಮರಳಿದವರು ನಮ್ಮ ತಲೆಮಾರಿನಲ್ಲಿ ಬಹಳ ಮಂದಿ ಇದ್ದಾರೆ. ಪ್ರವಾಸ ಎಂಬ ಹೆಸರು ಅದಕ್ಕೆ ಯಾರೂ ಇಟ್ಟಿರಲಿಲ್ಲ, ಅಷ್ಟೆ.

ಈ ದಾರಿಯಲ್ಲಿ ದ್ರಾಕ್ಷಿ ಇಲ್ಲ, ಕಬ್ಬಿದೆ. ನಡುನಡುವೆ ಅರಿಶಿಣ, ಗೋವಿನಜೋಳ. ತಾಸಿಗೆ ಹನ್ನೆರಡು ಕಿಲೊಮೀಟರ್ ವೇಗದಲ್ಲಿ ಹೋದರೆ ಇನ್ನೊಂದು ಬೆಳೆಯೂ ಕಾಣುತ್ತದೆ: ಉಪ್ಪು. ಹಸಿರು ಕಬ್ಬಿನ ನಡುವೆ ಅಲ್ಲಲ್ಲಿ ಸುಣ್ಣ ಚೆಲ್ಲಿದಂತೆ ಬಿಳಿ ನೆಲ. ಸವಳು-ಜವಳು ಎನ್ನುತ್ತಾರೆ. ಎರೆಭೂಮಿಗೆ ಮಿತಿ ಮೀರಿ ನೀರು ಹಾಯಿಸಿದರೆ, ಬಸಿದು ಹೋಗಲು ದಾರಿ ಇಲ್ಲದಿದ್ದರೆ, ಒಳಗಿನ ನೀರು ಮೇಲೇರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ಅಂಥ ಹೊಲದ ಬದುವಿನಲ್ಲಿ ಕೂತ ಯಜಮಾನರೊಬ್ಬರನ್ನು ಮಾತನಾಡಿಸಿದೆ. “ಏನ್ರೀ ಯಜಮಾನ್ರ, ಹೊಲ ಬೆಳ್ಳಗಾಗೇದಲ್ಲ?” ಎಂದೆ. “ನಮ್ಮಪ್ಪಗ ನೀರಿಲ್ಲದ ಹೊಲ ಕೈ ಬಿಟ್ಟಿತ್ತರಿ. ನನಗ ನೀರು ಹೆಚ್ಚಾಗಿ ಕೈ ಬಿಡಾಕತ್ತೈತಿ” ಎಂದರು. ಸವಳು-ಜವಳಿನ ಬಗ್ಗೆ ನಾನು ಓದಿದ ವರದಿಗಳಲ್ಲೆಲ್ಲ ಇಷ್ಟು ಸರಿಯಾದ ವಾಕ್ಯ ಸಿಕ್ಕಿಲ್ಲ. ಇದನ್ನು ಬಸ್ಸಿನ ಕಿಟಕಿಯಿಂದ ಕೇಳಿಸಿಕೊಳ್ಳಲು ಆಗುತ್ತಿತ್ತೆ?

ದಾರಿ ಚೆನ್ನಾಗಿದೆ ಎಂದು ನಾನು ಸುಳ್ಳು ಹೇಳಲಾರೆ. ಎಲ್ಲೆಲ್ಲೂ ಬಳ್ಳಾರಿ ಜಾಲಿಯ ಮುಳ್ಳು. ಒಂದೇ ದಿನ ಮೂರು ಸಲ ಪಂಕ್ಚರ್ ಆದದ್ದಿದೆ. ಮೂರನೆಯ ಸಲ ಹಳ್ಳಿಯ ಪಂಕ್ಚರ್ ಅಂಗಡಿಯ ಅಜ್ಜ ಟ್ಯೂಬನ್ನು ಬುಟ್ಟಿಯ ನೀರಲ್ಲಿ ಅದ್ದಿ, ಗುಳ್ಳೆ ನೋಡಿ, ಉಜ್ಜಿ, ಸೊಲ್ಯೂಷನ್ ಹಚ್ಚಿ ತೇಪೆ ಒತ್ತುತ್ತ, “ಮಾಸ್ತರ್ರ, ಈ ವಯಸ್ಸಿನ್ಯಾಗ ಇದೇನು ಹುಚ್ಚರಿ? ಒಂದು ಗಾಡಿ ತಗೋರಲ್ಲ” ಎಂದ. ಸೈಕಲ್ ರಿಪೇರಿಯಿಂದಲೇ ಹೊಟ್ಟೆ ಹೊರೆದವನ ಬಾಯಲ್ಲಿ ಈ ಮಾತು! ಅವನ ಅಂಗಡಿಯಲ್ಲಿ ಈಗ ಸೈಕಲ್ಲಿಗಿಂತ ಮೋಟಾರ್ ಸೈಕಲ್ಲಿನ ಟ್ಯೂಬುಗಳೇ ಹೆಚ್ಚು ತೂಗಾಡುತ್ತಿದ್ದವು. 1951ರಿಂದ ನಮ್ಮ ದೇಶದ ಓಣಿಓಣಿಗೆ ಸೈಕಲ್ ಕೊಟ್ಟ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ನಿಂತದ್ದು 2020ರ ಜೂನ್ 3ರಂದು. ಅಂದು ವಿಶ್ವ ಸೈಕಲ್ ದಿನ.

ಆದರೆ ಸೈಕಲ್ಲನ್ನು ಬಿಡಲಾಗದ ಒಂದು ಗುಂಪು ಈ ಸೀಮೆಯಲ್ಲಿದೆ. ಇಲ್ಲಿಯ ಜನ ಊರೊಳಗೆ ಎಷ್ಟಿದ್ದಾರೋ ತೋಟದ ಮನೆಗಳಲ್ಲಿ ಅಷ್ಟೇ ಇದ್ದಾರೆ. ತೋಟದಿಂದ ಹೈಸ್ಕೂಲಿಗೆ ನಾಲ್ಕೈದು ಕಿಲೊಮೀಟರ್. ಬಸ್ಸು ತೋಟಕ್ಕೆ ಬರುವುದಿಲ್ಲ. 2006-07ರಲ್ಲಿ ರಾಜ್ಯ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ ಹಳ್ಳಿಯ ರಸ್ತೆಗಳಲ್ಲಿ ಎರಡು ಜಡೆಯ ಹುಡುಗಿಯರ ಸೈಕಲ್ ಸಾಲು ಕಂಡು ನನ್ನಂಥ ಮಾಸ್ತರರಿಗೆ ಹಳೆಯ ಗಿರಣಿಯ ಪಾಳಿ ನೆನಪಾಗಿತ್ತು. ಆ ಹಂಚಿಕೆ ಮುಂದೆ ನಿಂತಿತು. ಹುಡುಗಿಯರ ದಾರಿ ನಿಲ್ಲಲಿಲ್ಲ.

ಈಗ ಕಬ್ಬಿನ ಹಂಗಾಮು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಅದರ ಮೇಲೆ ರಸ್ತೆಯ ಅಗಲಕ್ಕೆ ಚಾಚಿದ ಕಬ್ಬು, ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ, ಮುಂದೆ ಕಿವಿ ಒಡೆಯುವ ಹಾಡು. ಅಂಥದೊಂದು ಗಾಡಿಯ ಕಬ್ಬು ನನ್ನ ಹೆಗಲಿಗೆ ತಾಗಿ ನಾನು ರಸ್ತೆಯ ಪಕ್ಕದ ತಗ್ಗಿಗೆ ಬಿದ್ದೆ. ಕೈಯ ಎಲುಬು ಸೀಳಿತು, ಆರು ವಾರ ಪಟ್ಟಿ. ಗಾಡಿಯವನಿಗೆ ಗೊತ್ತೇ ಆಗಲಿಲ್ಲವೆಂದು ತೋರುತ್ತದೆ. ಆಸ್ಪತ್ರೆಯಿಂದ ಬಂದ ಮೇಲೆ ನನ್ನನ್ನು ನೋಡಲು ಬಂದ ಹುಡುಗಿಯೊಬ್ಬಳು, ಒಂಬತ್ತನೆಯ ತರಗತಿಯವಳು, ಹೇಳಿದ ಮಾತು ಇದು: “ಸರ್, ಕಬ್ಬಿನ ಗಾಡಿ ಚಾಲೂ ಆದಮ್ಯಾಲೆ ನಾ ರೋಡ್ ಬಿಟ್ಟು ಕೆನಾಲ್ ಮ್ಯಾಲಿಂದ ಬರ್ತೀನ್ರಿ. ಅಲ್ಲಿ ಗಾಡಿ ಇಲ್ಲ. ಆದ್ರ ಮುಳ್ಳಿನ ಗಿಡ ತಪ್ಪಸಾಕ ಹೋದ್ರ ನೀರಿನ ಬಾಜೂ ಹೋಗಬೇಕಾಗ್ತೈತ್ರಿ. ಅಂಜಿಕಿ ಬರ್ತೈತಿ.”

ಅವಳ ಈ ಮಾತು ಕೇಳಿದ ಮೇಲೆ ಹಸಿರು ದಾರಿ ಎಂಬುದು ನನಗೆ ಪ್ರವಾಸದ ವಿಷಯವಾಗಿ ಉಳಿಯಲಿಲ್ಲ. ಬರ್ಗಂಡಿಯವರು ಪ್ರವಾಸಿಗರಿಗೆ ಮಾಡಿದ್ದನ್ನು ನಾವು ಈ ಹುಡುಗಿಗೆ ಮಾಡಬಹುದು; ಪ್ರವಾಸಿಗರು ಬೇಕಾದರೆ ಅವಳ ಹಿಂದೆ ಬರಲಿ. ದೊಡ್ಡ ಖರ್ಚಿನ ಕೆಲಸವನ್ನು ನಾನು ಕೇಳುತ್ತಿಲ್ಲ. ಡಾಂಬರು ಬೇಡವೇ ಬೇಡ. ಡಾಂಬರು ಹಾಕಿದ ಮರುದಿನವೇ ಕಬ್ಬಿನ ಟ್ರ್ಯಾಕ್ಟರ್ ಅಲ್ಲಿಗೂ ಬರುತ್ತದೆ. ಗಟ್ಟಿ ಮುರುಮು, ಶಾಲೆಗಳ ಹತ್ತಿರ ನೀರಿನ ಬದಿಗೆ ಒಂದು ಗಿಡ್ಡ ಕಟ್ಟೆ, ವರ್ಷಕ್ಕೆ ಎರಡು ಸಲ ಜಾಲಿ ಕಡಿಯುವುದು, ಅಗಲದ ವಾಹನ ನುಗ್ಗದಂತೆ ಅಲ್ಲಲ್ಲಿ ಎರಡು ಕಲ್ಲು. ಇಲಾಖೆಯ ಜೀಪಿಗೆ, ರೈತನ ಚಕ್ಕಡಿಗೆ ತೆಗೆಯುವ ಹಾಗೆ ಒಂದು ಗೇಟು. ಇದು ಇಲಾಖೆಯ ಕಾಲುವೆ, ರೈತನ ಕಾಲುವೆ, ಸೈಕಲ್ಲಿನವನು ಅತಿಥಿ. ಆ ಮರ್ಯಾದೆ ಮೀರಬಾರದು.

ಮತ್ತೆ ಬರುತ್ತೇನೆ ಎಂದಿದ್ದೆನಲ್ಲ, ಮರದ ಮಾತು. ಕಾಲುವೆಗಳಿಗೆ ಕಾಂಕ್ರೀಟ್ ಹೊದಿಸುವ ಕೆಲಸ ಬಂದಾಗ ದಂಡೆಯ ಮರಗಳಿಗೆ ಕೊಡಲಿ ಬೀಳುತ್ತದೆ. ಬೇರು ಕಾಂಕ್ರೀಟನ್ನು ಸೀಳುತ್ತದೆ ಎಂಬ ಎಂಜಿನಿಯರರ ಮಾತು ಸುಳ್ಳಲ್ಲ. ನೀರು ಸೋರುವುದು ನಿಂತರೆ ಸವಳು ಕಡಿಮೆಯಾಗುತ್ತದೆ, ಅದೂ ಬೇಕಾದದ್ದೇ. ಆದರೆ ದಾರಿಯ ಹೊರಬದಿಗೆ, ಹೊಲದ ಕಡೆಯ ಇಳಿಜಾರಿನಲ್ಲಿ, ಬೇವು ಹೊಂಗೆ ಹಚ್ಚಲು ಯಾವ ಕಾಂಕ್ರೀಟೂ ಅಡ್ಡ ಬರುವುದಿಲ್ಲ. ರೋಗ ಬಿದ್ದು ಮರ ಕಡಿದ ಫ್ರೆಂಚರು ಬೇರೆ ಜಾತಿ ಹುಡುಕಿ ನೆಟ್ಟರು. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಸೀಮೆಯಲ್ಲಿ ನೆರಳಿಲ್ಲದ ದಾರಿಯನ್ನು ಸೈಕಲ್ ದಾರಿ ಎನ್ನುವುದು ಗೇಲಿಯ ಮಾತಾದೀತು.

ಮಳೆಗಾಲದಲ್ಲಿ ಮಾತ್ರ ಈ ಪ್ರವಾಸ ಬೇಡ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿದ್ದನ್ನು, ಗೋಕಾಕದ ಓಣಿಗಳಿಗೆ ನೀರು ನುಗ್ಗಿದ್ದನ್ನು ನೀವೆಲ್ಲ ಕಂಡಿದ್ದೀರಿ. ನದಿಗೆ ಅದರ ಕಾಲ ಬಿಟ್ಟುಕೊಡಬೇಕು. ನಮಗೆ ನವೆಂಬರಿನಿಂದ ಫೆಬ್ರುವರಿ ಸಾಕು.

ಈ ಆದಿತ್ಯವಾರ ನಾನು ಧೂಪದಾಳದಿಂದ ಅರಭಾವಿಯವರೆಗೆ ಕಾಲುವೆಯ ದಂಡೆ ಹಿಡಿದು ಹೋಗುವವನಿದ್ದೇನೆ. ಆ ಒಂಬತ್ತನೆಯ ತರಗತಿಯ ಹುಡುಗಿಯೂ ಅವಳ ಗೆಳತಿಯರಿಬ್ಬರೂ ತಮ್ಮ ತೋಟದಿಂದ ಮುಂದೆ ಜೊತೆಯಾಗುತ್ತಾರೆ. ಎಲ್ಲಿ ಅಂಜಿಕೆಯ ಜಾಗ, ಎಲ್ಲಿ ಮುಳ್ಳು, ಎಲ್ಲಿ ದಂಡೆ ಕುಸಿದಿದೆ ಎಂದು ತೋರಿಸುತ್ತಾರೆ. ಅದನ್ನೆಲ್ಲ ಬರೆದುಕೊಂಡು ಇಲಾಖೆಯವರಿಗೆ ಕೊಡುವುದು. ಬರುವವರು ಬೆಳಗಿನ ಆರಕ್ಕೆ ಒಡ್ಡಿನ ಹತ್ತಿರ ಇರಿ. ಗೇರು ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಕುಡಿಯುವ ನೀರು ತನ್ನಿ. ಪಂಪು ಮತ್ತು ತೇಪೆಯ ಸಾಮಾನು ನನ್ನ ಹತ್ತಿರ ಇವೆ.